ವಿಮಾನ ಅಪಹರಣವಾದಾಗ ನ್ಯಾವಿಗೇಶನ್, ರೇಡಾರ್, ಮೊಬೈಲ್: ಒಂದು ಅಧ್ಯಯನ ಟಿಪ್ಪಣಿ

ಅಪಹರಣದ ವರದಿಗಳಲ್ಲಿ 'ವಿಮಾನ ಸಂಪರ್ಕ ಕಳೆದುಕೊಂಡಿತು' ಅನ್ನುವ ಮಾತು ಬಂದೇ ಬರುತ್ತದೆ. ಆ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ತಾನು ಎಲ್ಲಿದ್ದೇನೆ ಎಂದು ವಿಮಾನಕ್ಕೆ ಗೊತ್ತಾಗುವುದು ಒಂದು. ವಿಮಾನ ಎಲ್ಲಿದೆ ಎಂದು ನೆಲದ ಮೇಲಿರುವವರಿಗೆ ಗೊತ್ತಾಗುವುದು ಇನ್ನೊಂದು. ಇಬ್ಬರೂ ಮಾತಾಡಿಕೊಳ್ಳುವುದು ಮೂರನೆಯದು. ಪಠ್ಯಗಳಲ್ಲಿ ಇವನ್ನು ನ್ಯಾವಿಗೇಶನ್, ಸರ್ವೆಲೆನ್ಸ್, ಕಮ್ಯುನಿಕೇಶನ್ ಎಂದು ಕರೆಯುತ್ತಾರೆ. ಒಂದು ನಿಂತರೆ ಉಳಿದೆರಡೂ ನಿಲ್ಲಬೇಕೆಂದೇನಿಲ್ಲ. ಇಷ್ಟು ಗಟ್ಟಿಯಾದರೆ ಈ ವಿಷಯದ ಮುಕ್ಕಾಲು ಗೊಂದಲ ಕಳೆದಂತೆಯೇ.

ದಾರಿ ಗೊತ್ತಾಗುವುದು ಹೇಗೆ

ದೊಡ್ಡ ವಿಮಾನಗಳಲ್ಲಿ ಇನರ್ಷಿಯಲ್ ವ್ಯವಸ್ಥೆ ಇರುತ್ತದೆ. ಹೊರಡುವ ಜಾಗವನ್ನು ಮೊದಲೇ ಅದಕ್ಕೆ ಕೊಟ್ಟಿರುತ್ತಾರೆ. ಆಮೇಲೆ ವಿಮಾನ ಎಷ್ಟು ವೇಗ ಪಡೆಯಿತು, ಯಾವ ಕಡೆ ತಿರುಗಿತು ಎಂಬುದನ್ನು ಅದು ತಾನೇ ಅಳೆದು ಲೆಕ್ಕ ಹಾಕುತ್ತಾ ಹೋಗುತ್ತದೆ. ಕಣ್ಣು ಮುಚ್ಚಿ ಹೆಜ್ಜೆ ಎಣಿಸುತ್ತಾ ನಡೆದ ಹಾಗೆ. ಹೊರಗಿನಿಂದ ಯಾವ ಸಿಗ್ನಲ್ಲೂ ಬೇಡ. ಹೊತ್ತು ಕಳೆದಂತೆ ತಪ್ಪು ಸ್ವಲ್ಪ ಸ್ವಲ್ಪ ಸೇರಿಕೊಳ್ಳುತ್ತದೆ. ಅದನ್ನು ಜಿಪಿಎಸ್ ಮತ್ತು ನೆಲದ ರೇಡಿಯೋ ಕೇಂದ್ರಗಳ ಸಹಾಯದಿಂದ ತಿದ್ದುತ್ತಾರೆ.

ಜಿಪಿಎಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ತುಂಬ ಜನರಲ್ಲಿದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯವನ್ನು ಪ್ರಸಾರ ಮಾಡುತ್ತಿರುತ್ತವೆ. ವಿಮಾನ ಅದನ್ನು ಕೇಳಿಸಿಕೊಂಡು ತನ್ನ ಜಾಗ ಲೆಕ್ಕ ಹಾಕುತ್ತದೆ, ಅಷ್ಟೇ. ಉಪಗ್ರಹಕ್ಕೆ ವಿಮಾನದ ಸುದ್ದಿಯೇ ಗೊತ್ತಿರುವುದಿಲ್ಲ. ಹಾಗಾಗಿ 'ಜಿಪಿಎಸ್ ಇದ್ದರೂ ವಿಮಾನ ಯಾಕೆ ಸಿಗಲಿಲ್ಲ?' ಅನ್ನುವ ಪ್ರಶ್ನೆಗೆ ಉತ್ತರ ಸರಳ. ಜಿಪಿಎಸ್ ವಿಮಾನಕ್ಕೆ ಹೇಳುತ್ತದೆ, ನಮಗಲ್ಲ.

ನೆಲದ ಕೇಂದ್ರಗಳಲ್ಲಿ ಮುಖ್ಯವಾದದ್ದು ವಿಓಆರ್. ಇದು ಎರಡು ಸಂಕೇತ ಕಳಿಸುತ್ತದೆ. ಒಂದು ಎಲ್ಲ ದಿಕ್ಕಿಗೂ ಒಂದೇ ಥರ ಇರುತ್ತದೆ. ಇನ್ನೊಂದು ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ. ಎರಡರ ನಡುವಿನ ವ್ಯತ್ಯಾಸ ನೋಡಿ, ಕೇಂದ್ರದಿಂದ ತಾನು ಯಾವ ದಿಕ್ಕಿನಲ್ಲಿದ್ದೇನೆ ಎಂದು ವಿಮಾನ ತಿಳಿಯುತ್ತದೆ. ಇಲ್ಲೂ ವಿಮಾನದ ಕೆಲಸ ಬರೀ ಕೇಳುವುದು.

ಒಂದು ನಿಜವಾದ ಉದಾಹರಣೆ ನೋಡೋಣ. 2001ರ ಸೆಪ್ಟೆಂಬರ್ 11ರಂದು ಯುನೈಟೆಡ್ 93 ವಿಮಾನದಲ್ಲಿ ನೆಲದ ರೇಡಾರಿಗೆ ಗುರುತು, ಎತ್ತರ ತಿಳಿಸುವ ಯಂತ್ರವಾದ ಟ್ರಾನ್ಸ್‌ಪಾಂಡರ್ ಬೆಳಿಗ್ಗೆ 9:41ಕ್ಕೆ ನಿಂತಿತು. 9:55ಕ್ಕೆ ಅಪಹರಣಕಾರ ವಾಷಿಂಗ್ಟನ್ನಿನ ರೇಗನ್ ನ್ಯಾಶನಲ್ ವಿಮಾನ ನಿಲ್ದಾಣದ ವಿಓಆರ್ ಫ್ರೀಕ್ವೆನ್ಸಿ ಹಾಕಿದ್ದ. ಅವನು ವಾಷಿಂಗ್ಟನ್ ಕಡೆಗೆ ಹೊರಟಿದ್ದ ಎಂಬುದಕ್ಕೆ ತನಿಖೆಯಲ್ಲಿ ಇದೂ ಒಂದು ಸಾಕ್ಷಿಯಾಯಿತು. ನೆಲಕ್ಕೆ ಎತ್ತರವನ್ನೂ ಗುರುತನ್ನೂ ಹೇಳುವುದನ್ನು ನಿಲ್ಲಿಸಿ 14 ನಿಮಿಷ ಆದ ಮೇಲೂ ವಿಮಾನಕ್ಕೆ ದಾರಿ ಚೆನ್ನಾಗಿಯೇ ಸಿಗುತ್ತಿತ್ತು.

ಇದಕ್ಕೆ ಪೂರ್ತಿ ಉಲ್ಟಾ ಆದದ್ದು 1999ರ ಡಿಸೆಂಬರ್ 24ರಂದು. ಕಠ್ಮಂಡುವಿನಿಂದ ದೆಹಲಿಗೆ ಹೊರಟಿದ್ದ ಐಸಿ 814 ಅಪಹರಣವಾಗಿ, ಅಮೃತಸರದಲ್ಲಿ ಇಳಿದು, ಇಂಧನ ತುಂಬಿಸಿಕೊಳ್ಳದೇ ಲಾಹೋರಿನ ಕಡೆ ಹೋಯಿತು. ಅಲ್ಲಿ ಇಳಿಯಲು ಮೊದಲು ಒಪ್ಪಿಗೆ ಸಿಗಲಿಲ್ಲ. ನಿಲ್ದಾಣದ ದೀಪಗಳನ್ನೂ ನ್ಯಾವಿಗೇಶನ್ ಸಾಧನಗಳನ್ನೂ ಆರಿಸಿಬಿಟ್ಟರು. ಇಂಧನ ಮುಗಿಯುತ್ತಾ ಬಂದಿತ್ತು. ಕ್ಯಾಪ್ಟನ್ ದೇವಿ ಶರಣ್ ಕತ್ತಲಲ್ಲಿ ಕೆಳಗಿಳಿಸುತ್ತಾ ಬಂದಾಗ ರನ್‌ವೇ ಎಂದುಕೊಂಡದ್ದು ಒಂದು ರಸ್ತೆ. ಕೊನೇ ಗಳಿಗೆಯಲ್ಲಿ ವಿಮಾನವನ್ನು ಮೇಲಕ್ಕೆತ್ತಿದರು. ಆಮೇಲೆ ನಿಲ್ದಾಣದ ದೀಪ ಹತ್ತಿತು. ಊರು ಎಲ್ಲಿದೆ ಎಂದು ತಿಳಿಯುವುದಕ್ಕೂ ರನ್‌ವೇ ಮೇಲೆ ಸರಿಯಾಗಿ ಇಳಿಯುವುದಕ್ಕೂ ಎಷ್ಟು ಅಂತರವಿದೆ ಅಂತ ಈ ಘಟನೆಯಷ್ಟು ಚೆನ್ನಾಗಿ ಯಾವ ಪಾಠವೂ ಹೇಳುವುದಿಲ್ಲ.

ನೆಲಕ್ಕೆ ವಿಮಾನ ಕಾಣುವುದು ಹೇಗೆ

ರೇಡಾರ್ ಅಂದರೆ ಒಂದೇ ಅಂದುಕೊಳ್ಳುತ್ತೇವೆ. ಎರಡಿವೆ. ಪ್ರೈಮರಿ ರೇಡಾರ್ ಅಲೆ ಕಳಿಸುತ್ತದೆ, ವಿಮಾನದ ಮೈಗೆ ತಾಗಿ ವಾಪಸ್ ಬಂದದ್ದನ್ನು ಹಿಡಿಯುತ್ತದೆ. ಪರದೆ ಮೇಲೆ ಸುಮ್ನೆ ಒಂದು ಚುಕ್ಕೆ. ಅದು ಯಾವ ವಿಮಾನ, ಎಷ್ಟು ಎತ್ತರದಲ್ಲಿದೆ ಎಂಬುದು ಆ ಚುಕ್ಕೆಯಿಂದ ತಿಳಿಯುವುದಿಲ್ಲ. ಸೆಕೆಂಡರಿ ರೇಡಾರ್ 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನೆ ಕೇಳುತ್ತದೆ. ವಿಮಾನದ ಟ್ರಾನ್ಸ್‌ಪಾಂಡರ್ 1090 ಮೆಗಾಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ. ಆ ಉತ್ತರದಲ್ಲಿ ನಾಲ್ಕು ಅಂಕಿಯ ಕೋಡ್ ಮತ್ತು ಎತ್ತರ ಇರುತ್ತವೆ. ಕೋಡಿನ ಪ್ರತಿ ಅಂಕಿ 0ರಿಂದ 7ರ ಒಳಗೆ ಇರಬೇಕು. ಹಾಗಾಗಿ ಒಟ್ಟು 4096 ಕೋಡ್‌ಗಳು ಸಾಧ್ಯ.

ಮೂರು ಕೋಡ್‌ಗಳನ್ನು ಜಗತ್ತೆಲ್ಲ ಕಾದಿರಿಸಿದೆ. 7500 ಅಪಹರಣಕ್ಕೆ, 7600 ರೇಡಿಯೋ ಕೆಟ್ಟಿದ್ದಕ್ಕೆ, 7700 ಬೇರೆ ತುರ್ತು ಸ್ಥಿತಿಗೆ. ಪೈಲಟ್ 7500 ಹಾಕಿದರೆ ಒಂದು ಮಾತೂ ಆಡದೆ ವಿಷಯ ತಲುಪುತ್ತದೆ. 2014ರ ಫೆಬ್ರವರಿ 17ರಂದು ರೋಮ್‌ಗೆ ಹೊರಟಿದ್ದ ಇಥಿಯೋಪಿಯನ್ 702 ವಿಮಾನದಿಂದ ಈ ಕೋಡ್ ಬಂತು. ಅಪಹರಿಸಿದವನು ಸಹಪೈಲಟ್ಟೇ! ಕ್ಯಾಪ್ಟನ್ ಹೊರಗೆ ಹೋದಾಗ ಬಾಗಿಲು ಹಾಕಿಕೊಂಡಿದ್ದ. ವಿಮಾನ ಜಿನೀವಾದಲ್ಲಿ ಇಳಿಯಿತು, ಯಾರಿಗೂ ಏನೂ ಆಗಲಿಲ್ಲ.

2001ರ ಸೆಪ್ಟೆಂಬರ್ 11ರಂದು ಅಪಹರಣವಾದ ನಾಲ್ಕು ವಿಮಾನಗಳಲ್ಲಿ ಯಾವುದರಿಂದಲೂ 7500 ಬರಲಿಲ್ಲ. ಅಮೆರಿಕನ್ 77ರ ಟ್ರಾನ್ಸ್‌ಪಾಂಡರ್ 8:56ಕ್ಕೆ ನಿಂತಿತು. ನೆಲದಿಂದ ವಿಮಾನಗಳ ಸಂಚಾರ ನೋಡಿಕೊಳ್ಳುವ ಕಂಟ್ರೋಲರ್ ಅದನ್ನು ಮೊದಲಿದ್ದ ದಾರಿಯಲ್ಲೇ, ಪಶ್ಚಿಮದ ಕಡೆಗೇ ಹುಡುಕಿದರು. ವಿಮಾನ ತಿರುಗಿ ಪೂರ್ವಕ್ಕೆ ಹೊರಟಿತ್ತು. ಪ್ರೈಮರಿ ರೇಡಾರಿನ ಮಾಹಿತಿಯೂ ಸ್ವಲ್ಪ ಹೊತ್ತು ಅವರ ಪರದೆಗೆ ಬರಲಿಲ್ಲ. ಹೀಗೆ 36 ನಿಮಿಷ ಅದು ಯಾರ ಕಣ್ಣಿಗೂ ಬೀಳದೆ ಹಾರಿತು. ಆಕಾಶದಲ್ಲಿ ಆ ಹೊತ್ತಿಗೆ ಸಾವಿರಾರು ವಿಮಾನಗಳು. ಅವುಗಳ ನಡುವೆ ಹೆಸರಿಲ್ಲದ ಒಂದು ಚುಕ್ಕೆ ಹುಡುಕುವುದು ಎಂಥ ಕೆಲಸ ಅಂತ ಯೋಚಿಸಿ. ಕಂಟ್ರೋಲರ್‌ಗಳನ್ನು ದೂರುವ ಮೊದಲು ಇದನ್ನು ನೆನಪಿಡಬೇಕು ಅನ್ನುವುದು ನನ್ನ ಅನಿಸಿಕೆ.

ರೇಡಿಯೋ ಬಗ್ಗೆ ಒಂದೇ ಮಾತು. ಕಾಕ್‌ಪಿಟ್‌ನಿಂದ ಪ್ರಯಾಣಿಕರ ಜೊತೆ ಮಾತಾಡುವುದು ಬೇರೆ, ನೆಲದ ಜೊತೆ ಮಾತಾಡುವುದು ಬೇರೆ. ಅದೇ ದಿನ ಅಮೆರಿಕನ್ 11ರ ಅಪಹರಣಕಾರ ಪ್ರಯಾಣಿಕರಿಗೆ ಎಂದು ಆಡಿದ ಮಾತು ಕಂಟ್ರೋಲರ್ ಕಿವಿಗೆ ಬಿತ್ತು. ಅಪಹರಣ ಆಗಿದೆ ಎಂದು ಕಂಟ್ರೋಲರ್‌ಗೆ ಖಚಿತವಾದದ್ದೇ ಹಾಗೆ.

ಮೊಬೈಲ್ ಯಾಕೆ ಸಿಗುವುದಿಲ್ಲ, ಯಾವಾಗ ಸಿಗುತ್ತದೆ

35,000 ಅಡಿ ಅಂದರೆ ಹತ್ತೂವರೆ ಕಿಲೋಮೀಟರ್ ಚಿಲ್ಲರೆ. ದೂರ ಏನೂ ಜಾಸ್ತಿ ಅಲ್ಲ. ಜಿಎಸ್‌ಎಂ ಟವರ್ ಸಾಮಾನ್ಯವಾಗಿ 35 ಕಿಲೋಮೀಟರ್ ದೂರದ ಫೋನಿನ ತನಕ ಸಂಭಾಳಿಸಬಲ್ಲದು. ಹಾಗಾದರೆ ತೊಂದರೆ ಎಲ್ಲಿ?

ಮೊದಲನೆಯದು, ಟವರಿನ ಆಂಟೆನಾ ಜನರಿರುವ ಕಡೆಗೆ, ಅಂದರೆ ಸ್ವಲ್ಪ ಕೆಳಕ್ಕೆ ಬಾಗಿರುತ್ತದೆ. ಮೇಲಕ್ಕೆ ಹೋಗುವುದು ಅಳಿದುಳಿದ ಸಿಗ್ನಲ್. ಅದರ ಮೇಲೆ ವಿಮಾನದ ಲೋಹದ ಮೈ ಬೇರೆ. ಕಿಟಕಿಗಳಿಂದ ಮಾತ್ರ ಅಷ್ಟಿಷ್ಟು ಒಳಗೆ ಬರುತ್ತದೆ.

ಎರಡನೆಯದು ಹೆಚ್ಚು ಸ್ವಾರಸ್ಯದ ವಿಷಯ. ನೆಲದ ಮೇಲೆ ನಮ್ಮ ಫೋನಿಗೆ ನಾಲ್ಕಾರು ಟವರ್ ಕಾಣಬಹುದು. ಕಟ್ಟಡ, ಗುಡ್ಡ ಉಳಿದವನ್ನು ಮರೆಮಾಡುತ್ತವೆ. ಈ ಮರೆಯನ್ನು ನಂಬಿಕೊಂಡೇ ಒಂದು ಜಾಗದ ಫ್ರೀಕ್ವೆನ್ಸಿಯನ್ನು ಸ್ವಲ್ಪ ದೂರದಲ್ಲಿ ಮತ್ತೆ ಬಳಸುತ್ತಾರೆ. ಮೇಲೆ ಹೋದರೆ ಮರೆಯೇ ಇಲ್ಲ. ಒಂದೇ ಫೋನು ನೂರಾರು ಟವರ್‌ಗಳಿಗೆ ಒಟ್ಟಿಗೆ ಕೇಳಿಸಬಹುದು. 1991ರಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಹಾರಾಟದಲ್ಲಿ ಮೊಬೈಲ್ ಬಳಕೆ ನಿಷೇಧಿಸಿದ್ದು ನೆಲದ ನೆಟ್‌ವರ್ಕಿಗೆ ಆಗುವ ಈ ತೊಂದರೆಗಾಗಿ.

ಮೂರನೆಯದು ವೇಗ. ಗಂಟೆಗೆ 900 ಕಿಲೋಮೀಟರ್ ಅಂದರೆ ಸೆಕೆಂಡಿಗೆ 250 ಮೀಟರ್. ಒಂದು ಟವರಿನಿಂದ ಇನ್ನೊಂದಕ್ಕೆ ಕರೆ ದಾಟಿಸುವಷ್ಟರಲ್ಲಿ ಅದೂ ಹಿಂದೆ ಬಿದ್ದಿರುತ್ತದೆ.

ಹಾಗಾದರೆ ಯುನೈಟೆಡ್ 93ರಿಂದ ಅಷ್ಟೊಂದು ಕರೆ ಬಂದದ್ದು ಹೇಗೆ ಅಂತ ಕೇಳುವವರಿದ್ದಾರೆ. ಇದರ ಮೇಲೆ ಕಟ್ಟುಕತೆಗಳೂ ಹುಟ್ಟಿವೆ. ಲೆಕ್ಕ ನೋಡಿ: ಒಟ್ಟು 37 ಕರೆಗಳಲ್ಲಿ 35 ಹೋದದ್ದು ಸೀಟಿನ ಹಿಂಭಾಗದಲ್ಲಿದ್ದ ವಿಮಾನದ ಫೋನಿನಿಂದ. ಅದೊಂದು ಬೇರೆಯೇ ವ್ಯವಸ್ಥೆ. ಆಂಟೆನಾ ವಿಮಾನದ ಹೊರಗಿತ್ತು, ನೆಲದ ಕೇಂದ್ರಗಳನ್ನು ವಿಮಾನಗಳಿಗೆಂದೇ ಕಟ್ಟಿದ್ದರು. ಮೊಬೈಲ್‌ನಿಂದ ಹೋದದ್ದು ಎರಡೇ. ಎರಡೂ 9:58ಕ್ಕೆ, ವಿಮಾನ ತುಂಬ ಕೆಳಗಿಳಿದಿದ್ದಾಗ. ಮೇಲೆ ಹೇಳಿದ ವಿವರಣೆಗೆ ಇದು ಸರಿಯಾಗಿ ಕೂಡುತ್ತದೆ, ಅಲ್ವಾ?

ಆ ಕರೆಗಳಿಂದಲೇ ಪ್ರಯಾಣಿಕರಿಗೆ ನ್ಯೂಯಾರ್ಕಿನಲ್ಲಿ ಏನಾಗಿದೆ ಎಂದು ಗೊತ್ತಾಯಿತು. ಅವರು ಮಾತಾಡಿಕೊಂಡು ಕಾಕ್‌ಪಿಟ್ ಕಡೆ ನುಗ್ಗಿದರು. 10:03ಕ್ಕೆ ವಿಮಾನ ಪೆನ್ಸಿಲ್ವೇನಿಯಾದ ಬಯಲಿಗೆ ಬಿತ್ತು, ವಾಷಿಂಗ್ಟನ್ ತಲುಪಲಿಲ್ಲ. ಅಮೆರಿಕನ್ 11ರಲ್ಲಿ ಗಗನಸಖಿ ಬೆಟ್ಟಿ ಆಂಗ್ 8:19ಕ್ಕೇ ವಿಮಾನದ ಫೋನಿನಿಂದ ಕಂಪನಿಗೆ ಕರೆ ಮಾಡಿ ಸುಮಾರು 25 ನಿಮಿಷ ವಿವರ ಕೊಡುತ್ತಲೇ ಇದ್ದರು. ಟ್ರಾನ್ಸ್‌ಪಾಂಡರ್ ನಿಂತದ್ದು 8:21ಕ್ಕೆ, ಅವರ ಕರೆ ಶುರುವಾದ ಮೇಲೆ. ಉಪಕರಣಗಳ ಬಗ್ಗೆ ಎಷ್ಟೇ ಓದಿದರೂ ಈ ಹೆಣ್ಣುಮಗಳ ಸಮಾಧಾನದ ದನಿಯನ್ನು ಮರೆಯಬಾರದು.

ಕರೆ ಆಗದಿದ್ದರೂ ಫೋನು ಗುರುತು ಬಿಡಬಹುದು. ಆನ್ ಇರುವ ಫೋನು ಹತ್ತಿರದ ಟವರಿಗೆ 'ಇಲ್ಲಿದ್ದೇನೆ' ಎಂದು ಹೆಸರು ದಾಖಲಿಸುತ್ತದೆ. 2014ರ ಮಾರ್ಚ್ 8ರಂದು ಕಾಣೆಯಾದ ಮಲೇಷ್ಯಾದ ವಿಮಾನ ಎಂಎಚ್ 370ರ ಸಹಪೈಲಟ್ ಫೋನನ್ನು ಪೆನಾಂಗ್‌ನ ಒಂದು ಟವರ್ ರಾತ್ರಿ 1:52ಕ್ಕೆ ಗುರುತಿಸಿತ್ತು. ಕರೆ ಯಾವುದೂ ಹೋಗಿರಲಿಲ್ಲ. ಟ್ರಾನ್ಸ್‌ಪಾಂಡರ್ ಅದಕ್ಕೂ ಅರ್ಧ ಗಂಟೆ ಮೊದಲೇ ಪರದೆಯಿಂದ ಮರೆಯಾಗಿತ್ತು. ಉಪಗ್ರಹ ಸಂಪರ್ಕದ ಯಂತ್ರ ಮಾತ್ರ ಬೆಳಿಗ್ಗೆ 8:19ರವರೆಗೂ ಆಗಾಗ ಉತ್ತರ ಕೊಡುತ್ತಿತ್ತು. ಆ ಉತ್ತರ ಬರಲು ಹಿಡಿದ ಸಮಯದಿಂದ ಉಪಗ್ರಹಕ್ಕೂ ವಿಮಾನಕ್ಕೂ ಇದ್ದ ದೂರ ಸಿಕ್ಕಿತು, ಅದರಿಂದ ಹಿಂದೂ ಮಹಾಸಾಗರದ ಮೇಲಿನ ಕಮಾನಿನಾಕಾರದ ಗೆರೆಗಳು ಸಿಕ್ಕವು. ಅದು ಅಪಹರಣವೇ ಎಂಬುದು ಇವತ್ತಿಗೂ ಸಾಬೀತಾಗಿಲ್ಲ.

ಈ ಘಟನೆಯ ನಂತರ ಅಂತರರಾಷ್ಟ್ರೀಯ ನಿಯಮ ಬದಲಾಯಿತು. ಸಂಕಷ್ಟಕ್ಕೆ ಸಿಕ್ಕ ವಿಮಾನ ತಾನಾಗಿಯೇ ನಿಮಿಷಕ್ಕೆ ಒಮ್ಮೆಯಾದರೂ ತಾನಿರುವ ಜಾಗ ತಿಳಿಸಬೇಕು ಎಂದು ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ ಹೇಳಿದೆ. 27 ಟನ್‌ಗಿಂತ ಭಾರದ ಹೊಸ ವಿಮಾನಗಳಿಗೆ ಇದು 2025ರಿಂದ ಅನ್ವಯವಾಗುತ್ತದೆ. ಜಿಪಿಎಸ್ ವಿಮಾನಕ್ಕಷ್ಟೇ ಹೇಳುತ್ತಿದ್ದ ಜಾಗವನ್ನು ನೆಲಕ್ಕೂ ಮುಟ್ಟಿಸುವ ಏರ್ಪಾಡು ಇದು.