ರೆಕ್ಕೆಯ ಗೂಳಿಗೆ ಐದನೇ ಕಾಲು ಯಾಕೆ?

ಓದುಗರ ಪ್ರಶ್ನೆ: ಅಸ್ಸೀರಿಯಾದ (ಈಗಿನ ಉತ್ತರ ಇರಾಕ್‌ನಲ್ಲಿದ್ದ ಹಳೇ ರಾಜ್ಯ) ಅರಮನೆ ಬಾಗಿಲಲ್ಲಿ ನಿಲ್ಲಿಸುತ್ತಿದ್ದ, ಮನುಷ್ಯನ ಮುಖದ ರೆಕ್ಕೆಯ ಗೂಳಿಯ ಫೋಟೊ ನೋಡಿದೆ. ಕಾಲು ಎಣಿಸಿದರೆ ಐದಿವೆ! ಶಿಲ್ಪಿ ತಪ್ಪು ಮಾಡಿದನಾ? ಈ ಬಾಗಿಲು ಕಾಯುವ ಪ್ರಾಣಿಗಳನ್ನು ಅವರು ಟರ್ಕಿಯ ಕಡೆಯ ಹಿಟ್ಟೈಟರಿಂದ ಕಲಿತರು ಅಂತಾರಲ್ಲ, ಅದು ನಿಜವಾ?

ಉತ್ತರ: ತಪ್ಪಲ್ಲ, ಬೇಕಂತಲೇ ಮಾಡಿದ್ದು. ಎರಡನೇ ಪ್ರಶ್ನೆಗೆ ಅರ್ಧ ಹೌದು, ಅರ್ಧ ಅಲ್ಲ.

ಮೊದಲು ಕಾಲಿನ ಲೆಕ್ಕ. ಇದು ಸುತ್ತು ಹಾಕಿ ನೋಡುವಂಥ ವಿಗ್ರಹ ಅಲ್ಲ. ಒಂದು ದೊಡ್ಡ ಬಂಡೆಯನ್ನು ಬಾಗಿಲ ಗೋಡೆಗೆ ಸೇರಿಸಿ ನಿಲ್ಲಿಸಿದ್ದಾರೆ. ಹಾಗಾಗಿ ಕಾಣುವುದು ಎರಡೇ ಬದಿ: ಎದುರು ಮತ್ತು ಪಕ್ಕ. ಎದುರು ನಿಂತು ನೋಡಿದರೆ ಎರಡು ಮುಂಗಾಲು ಜೋಡಿಸಿ ಅಲುಗಾಡದೆ ನಿಂತಿದೆ. ಪಕ್ಕದಿಂದ ನೋಡಿದರೆ ನಾಲ್ಕು ಕಾಲು, ಹೆಜ್ಜೆ ಹಾಕುತ್ತಿದೆ. ಎರಡೂ ಕೂಡಿದರೆ ಆರಾಗಬೇಕಿತ್ತು, ಅಲ್ವಾ? ಆದರೆ ಮೂಲೆಯ ಮುಂಗಾಲು ಎರಡೂ ನೋಟಕ್ಕೆ ಲೆಕ್ಕಕ್ಕೆ ಬರುತ್ತೆ. ಅದಕ್ಕೇ ಐದು.

ಅರಮನೆಗೆ ಬರುವವನ ಕಣ್ಣಲ್ಲಿ ಯೋಚಿಸಿ. ದೂರದಿಂದ ಬರುವಾಗ ಅದು ದಾರಿಗೆ ಅಡ್ಡ ನಿಂತಿರುತ್ತೆ. ಒಳಗೆ ಕಾಲಿಟ್ಟರೆ ಪಕ್ಕದಲ್ಲೇ ನಡೆಯುತ್ತಿರುತ್ತೆ. ಓರೆಯಾಗಿ ನಿಂತಾಗ ಮಾತ್ರ ಐದೂ ಕಾಲು ಒಟ್ಟಿಗೆ ಕಾಣುತ್ತವೆ. ಫೋಟೊ ತೆಗೆಯುವವರು ಜಾಸ್ತಿ ಅಲ್ಲೇ ನಿಲ್ಲುತ್ತಾರೆ, ಅದಕ್ಕೇ ಈ ಪ್ರಶ್ನೆ ಎಲ್ಲರಿಗೂ ಬರುತ್ತೆ. ನಿಮ್ರುದ್‌ನಲ್ಲಿ ಅರಮನೆ ಕಟ್ಟಿಸಿದ ಅಸ್ಸೀರಿಯದ ರಾಜ 2ನೇ ಅಶೂರ್‌ನಸಿರ್‌ಪಾಲ್ (ಕ್ರಿ.ಪೂ. 883–859) ಮತ್ತು ಖೋರ್ಸಾಬಾದ್‌ನ 2ನೇ ಸಾರ್ಗಾನ್ (ಕ್ರಿ.ಪೂ. 721–705), ಇಬ್ಬರ ಕಾಲದಲ್ಲೂ ಐದು ಕಾಲು. ಸಾರ್ಗಾನನ ಮಗ ಸೆನ್ನಾಖೆರಿಬ್ ನಿನೆವೆಯಲ್ಲಿ ಮಾಡಿಸಿದ ಗೂಳಿಗಳಿಗೆ ನಾಲ್ಕೇ. ಒಂದು ಕಲ್ಲಿನಲ್ಲಿ ಎರಡು ನೋಟ ಕೂಡಿಸಿದ ಹಳೇ ಶಿಲ್ಪಿಗಳ ಜಾಣತನವೇ ನನಗೆ ಹೆಚ್ಚು ಇಷ್ಟ.

ಇವುಗಳಿಗೆ ಲಮಸ್ಸು ಅಂತ ಹೆಸರು, ಶೇದು ಅಂತಲೂ ಕರೆಯುತ್ತಾರೆ. ತಲೆ ಮೇಲೆ ಕೊಂಬುಗಳಿರುವ ಟೋಪಿ ಇದೆ. ಆ ನಾಡಿನಲ್ಲಿ ಅದು ದೈವದ ಗುರುತು. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿರುವ ಸಾರ್ಗಾನನ ಗೂಳಿಗಳು 4 ಮೀಟರಿಗೂ ಎತ್ತರ. ಕಾಲುಗಳ ನಡುವಿನ ಜಾಗವನ್ನೂ ಖಾಲಿ ಬಿಟ್ಟಿಲ್ಲ, ರಾಜನ ಬಿರುದು ಮತ್ತು ಕೆಲಸಗಳನ್ನು ಬೆಣೆಲಿಪಿಯಲ್ಲಿ ಕೊರೆದಿದ್ದಾರೆ. ಇಂಥ ಬಂಡೆಯನ್ನು ಸಾಗಿಸುತ್ತಿದ್ದ ರೀತಿಯೂ ನಮಗೆ ಗೊತ್ತು. ಸೆನ್ನಾಖೆರಿಬ್ ಅದನ್ನೇ ಗೋಡೆಯ ಉಬ್ಬುಶಿಲ್ಪದಲ್ಲಿ ಕೆತ್ತಿಸಿದ್ದಾನೆ. ಜಾರುಬಂಡಿಯ ಮೇಲೆ ಗೂಳಿ, ಹಗ್ಗ ಹಿಡಿದು ಎಳೆಯುವ ಆಳುಗಳ ಸಾಲು ಸಾಲು, ಹಿಂದಿನಿಂದ ಮೀಟುವ ದೊಡ್ಡ ಸನ್ನೆಗೋಲು.

ಇವು ಎಲ್ಲರಿಗೂ ಕಾಣುವ ಕಾವಲುಗಾರರು. ಕಾಣದವರೂ ಇದ್ದರು. ಮನೆ, ಅರಮನೆಗಳ ನೆಲದಡಿ ಇಟ್ಟಿಗೆಯ ಪುಟ್ಟ ಗೂಡು ಮಾಡಿ ಮಣ್ಣಿನ ಬೊಂಬೆ ಹೂಳುತ್ತಿದ್ದರು. ಮೀನಿನ ಚರ್ಮ ಹೊದ್ದ ಋಷಿಗಳು, ಹಕ್ಕಿ ತಲೆಯ ರೆಕ್ಕೆಯವರು, ಹೀಗೆ. ಯಾವ ಬೊಂಬೆ ಹೇಗಿರಬೇಕು, ಮೈಮೇಲೆ ಏನು ಬರೀಬೇಕು, ಎಲ್ಲಿ ಹೂಳಬೇಕು ಅಂತ ಪೂಜಾರಿಗಳಿಗೆ ಬರೆದಿಟ್ಟ ಫಲಕಗಳೇ ಸಿಕ್ಕಿವೆ. ಕೇಡು ಮನೆಯೊಳಗೆ ಕಾಲಿಡಬಾರದು, ಅದೇ ಉದ್ದೇಶ.

ನನ್ನನ್ನು ಕೇಳಿದರೆ ಈ ಕಥೆಯಲ್ಲಿ ಎಲ್ಲಕ್ಕಿಂತ ಚೆಂದ ಸೆನ್ನಾಖೆರಿಬನ ಮೊಮ್ಮಗ ಅಶೂರ್‌ಬನಿಪಾಲನ ನಿನೆವೆ ಅರಮನೆಯಲ್ಲಿ ಸಿಕ್ಕ ಐದು ಮಣ್ಣಿನ ನಾಯಿಗಳು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕವು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಒಂದೊಂದಕ್ಕೂ ಬೇರೆ ಬೇರೆ ಬಣ್ಣ ಬಳಿದಿದ್ದರು, ಒಂದೊಂದರ ಮೈಮೇಲೂ ಅದರದೇ ಹೆಸರು ಬರೆದಿದೆ. ಒಂದರ ಹೆಸರು ‘ಯೋಚಿಸಬೇಡ, ಕಚ್ಚು!’ ಇನ್ನೊಂದು ‘ಜೋರಾಗಿ ಬೊಗಳುವವ’. ಮತ್ತೊಂದು ‘ಕೆಟ್ಟದ್ದನ್ನು ಓಡಿಸುವವ’. ಅಷ್ಟು ದೊಡ್ಡ ಸೈನ್ಯ ಇದ್ದ ರಾಜನೂ ಹೊಸ್ತಿಲಿಗೆ ಇಂಥ ನಾಯಿ ಬೇಕು ಅಂದುಕೊಂಡಿದ್ದ.

ಇನ್ನು ಹಿಟ್ಟೈಟರು. ಈಗಿನ ಟರ್ಕಿಯ ನಡುಭಾಗದಲ್ಲಿ, ಹತ್ತುಶಾ ಅನ್ನೋ ಊರು ಅವರ ರಾಜಧಾನಿ. ಸುಮಾರು ಕ್ರಿ.ಪೂ. 1650ರಿಂದ 1180ರವರೆಗೆ ಅವರ ಆಳ್ವಿಕೆ. ಈಜಿಪ್ಟಿನ 2ನೇ ರಾಮ್ಸೆಸ್ ಜೊತೆ ಕಾದೇಶ್‌ನಲ್ಲಿ ಹೋರಾಡಿ, ಆಮೇಲೆ ಕ್ರಿ.ಪೂ. 1259ರಲ್ಲಿ ಶಾಂತಿ ಒಪ್ಪಂದ ಮಾಡಿಕೊಂಡವರು ಇವರೇ. (ಹಿಟ್ಟೈಟರು ನೆರೆಯ ಮಿತಾನಿ ರಾಜ್ಯದ ರಾಜನ ಜೊತೆ ಮಾಡಿಕೊಂಡ ಇನ್ನೊಂದು ಒಪ್ಪಂದದಲ್ಲಿ ಸಾಕ್ಷಿ ದೇವರುಗಳ ಪಟ್ಟಿ ಇದೆ. ಅದರಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರಿದೆ. ಫಲಕ ಸಿಕ್ಕಿದ್ದು ಹತ್ತುಶಾದಲ್ಲೇ. ಈ ವಿಷಯಕ್ಕೆ ಬೇರೆ ಲೇಖನವೇ ಬೇಕು.)

ಹತ್ತುಶಾದ ಕೋಟೆಯಲ್ಲಿ ಸಿಂಹದ ಬಾಗಿಲು ಇಂದಿಗೂ ನಿಂತಿದೆ. ಬಾಗಿಲ ಎರಡೂ ಕಡೆಯ ಬಂಡೆಯಿಂದ ಸಿಂಹ ಹೊರಗೆ ಬರುತ್ತಿರುವಂತೆ ಕೆತ್ತಿದ್ದಾರೆ. ಬಾಯಿ ತೆರೆದ ಮುಖ, ಎದೆ, ಮುಂಗಾಲು ಅಷ್ಟೇ ಕಾಣುತ್ತೆ. ಉಳಿದ ಮೈ ಇನ್ನೂ ಬಂಡೆಯೇ. ಅವರಿಗೂ ಕಾಪಾಡುವ ದೈವಗಳು ಬೇಕಾದಷ್ಟಿದ್ದವು. ಬೇಟೆಯ ಚರ್ಮದ ಚೀಲವನ್ನೂ ಅಂಥ ದೈವವಾಗಿ ಪೂಜಿಸುತ್ತಿದ್ದರು. ಚೀಲ ಹಳತಾದರೆ ಶಾಸ್ತ್ರ ಮಾಡಿ ಹೊಸದನ್ನು ತಂದಿಡುತ್ತಿದ್ದರು.

ಹತ್ತುಶಾ ಬಿದ್ದ ಮೇಲೂ ಈ ಕೆತ್ತನೆ ಸಾಯಲಿಲ್ಲ. ಅಸ್ಸೀರಿಯದ ಪಡುವಣಕ್ಕೆ, ಈಗಿನ ಟರ್ಕಿ, ಸಿರಿಯಾ ಕಡೆಯ ಕಾರ್ಕೆಮಿಶ್, ಮಲಾತ್ಯ ಮುಂತಾದ ಊರುಗಳಲ್ಲಿ ಚಿಕ್ಕ ಚಿಕ್ಕ ರಾಜ್ಯಗಳು ಅದನ್ನು ಮುಂದುವರಿಸಿದವು. ಬಾಗಿಲಿಗೆ ಸಿಂಹ, ಗೋಡೆಯ ಬುಡಕ್ಕೆ ಕೆತ್ತಿದ ಚಪ್ಪಡಿಗಳು. ಅಶೂರ್‌ನಸಿರ್‌ಪಾಲ್ ಸೈನ್ಯದ ಜೊತೆ ಕಾರ್ಕೆಮಿಶ್‌ಗೆ ಹೋಗಿ ಅಲ್ಲಿನ ರಾಜ ಸಂಗರನಿಂದ ಬೆಳ್ಳಿ, ಕಬ್ಬಿಣ ಕಪ್ಪ ಪಡೆದ. ಅಶೂರ್‌ನಸಿರ್‌ಪಾಲನ ಸ್ವಂತ ಅರಮನೆಯಲ್ಲೂ ಕೆತ್ತಿದ ಚಪ್ಪಡಿ, ಬಾಗಿಲಲ್ಲಿ ಕಲ್ಲಿನ ಮೃಗ ದೊಡ್ಡದಾಗಿ ಕಾಣಿಸಿಕೊಳ್ಳುತ್ತವೆ. ಆ ಪಡುವಣ ಊರುಗಳ ಪ್ರಭಾವ ಇಲ್ಲಿದೆ ಅಂತ ತುಂಬ ವಿದ್ವಾಂಸರು ಒಪ್ಪುತ್ತಾರೆ, ನನಗೂ ಅದೇ ಸರಿ ಅನಿಸುತ್ತೆ.

ಹಾಗಂತ ಎಲ್ಲವೂ ಸಾಲ ತಂದದ್ದಲ್ಲ. ಬಾಗ್ದಾದ್ ಹತ್ತಿರದ ತೆಲ್ ಹರ್ಮಲ್‌ನಲ್ಲಿ, ಅಶೂರ್‌ನಸಿರ್‌ಪಾಲನಿಗಿಂತ ಎಷ್ಟೋ ಶತಮಾನ ಮೊದಲೇ, ದೇವಸ್ಥಾನದ ಬಾಗಿಲಲ್ಲಿ ಸುಟ್ಟ ಮಣ್ಣಿನ ಸಿಂಹಗಳಿದ್ದವು. ಕಾಯುವ ದೈವದ ನಂಬಿಕೆ ಟೈಗ್ರಿಸ್, ಯೂಫ್ರೆಟಿಸ್ ನದಿಗಳ ನಾಡಿನದೇ. ಅದನ್ನು ಇಡೀ ಬಂಡೆಯಲ್ಲಿ ಕೆತ್ತಿ ಗೋಡೆಯ ಭಾಗವಾಗಿಸುವ ರೀತಿ ಪಡುವಣದಿಂದ ಬಂತು. ಅದರ ಗಾತ್ರ, ಮನುಷ್ಯ ಮುಖದ ಆ ಗಾಂಭೀರ್ಯ ಅಸ್ಸೀರಿಯದವರ ಸ್ವಂತ ಕೆಲಸ.

ಸಾರ್ಗಾನ್ ಕ್ರಿ.ಪೂ. 717ರಲ್ಲಿ ಕಾರ್ಕೆಮಿಶ್ ಅನ್ನೇ ನುಂಗಿಹಾಕಿದ. ಖೋರ್ಸಾಬಾದ್‌ನಲ್ಲಿ ಹತ್ತಿ ದೇಶದ ಅರಮನೆಯ ಮಾದರಿಯ ಕಟ್ಟಡವನ್ನೂ ಕಟ್ಟಿಸಿದೆ ಅಂತ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಹತ್ತಿ ಅಂದರೆ ಹಿಟ್ಟೈಟರ ನಾಡು. ಕ್ರಿ.ಪೂ. 705ರಲ್ಲಿ ಹಿಟ್ಟೈಟ್ ಪರಂಪರೆಯದೇ ಆದ, ಈಗಿನ ಟರ್ಕಿಯಲ್ಲಿರುವ ತಬಲ್ ಸೀಮೆಯ ಯುದ್ಧದಲ್ಲಿ ಅವನು ಸತ್ತ, ಹೆಣವೂ ಸಿಗಲಿಲ್ಲ. ಮಗ ರಾಜಧಾನಿಯನ್ನು ನಿನೆವೆಗೆ ಬದಲಾಯಿಸಿದ. ಖೋರ್ಸಾಬಾದ್‌ನ ಬಾಗಿಲಲ್ಲಿದ್ದ ಗೂಳಿಗಳಲ್ಲಿ ಒಂದನ್ನು 2023ರಲ್ಲಿ ಮತ್ತೆ ಅಗೆದು ತೆಗೆದರು. ಅದರ ತಲೆಯನ್ನು 1990ರ ದಶಕದಲ್ಲಿ ಕಳ್ಳರು ಕತ್ತರಿಸಿದ್ದರು. ಆಮೇಲೆ ಸಿಕ್ಕಿದ ಆ ತಲೆ ಬಾಗ್ದಾದ್‌ನ ಮ್ಯೂಸಿಯಂನಲ್ಲಿದೆ.