ಶ್ರೀರಂಗಪಟ್ಟಣದ ಕೋಟೆ: ಕಾವೇರಿ ಬತ್ತಿದ ಕಡೆಯಿಂದ ನೋಡಿ

ಶ್ರೀರಂಗಪಟ್ಟಣಕ್ಕೆ ಬಂದವರಲ್ಲಿ ಹೆಚ್ಚಿನವರು ರಂಗನಾಥನ ದರ್ಶನ ಮಾಡಿ, ದರಿಯಾ ದೌಲತ್ ಮತ್ತು ಗುಂಬಜ್ ನೋಡಿಕೊಂಡು ಹೊರಟುಬಿಡುತ್ತಾರೆ. ಆದರೆ ಈ ಊರಿನ ಹಣೆಬರಹ ಬದಲಾದದ್ದು ಕೋಟೆಯ ಪಡುವಣ ಗೋಡೆಯಲ್ಲಿ, ವಾಯವ್ಯದ ಬತೇರಿಯ (ಕೊತ್ತಲದ) ಹತ್ತಿರ. ಮೊದಲು ಅಲ್ಲಿಗೇ ಹೋಗಿ.

ದ್ವೀಪದ ಪಶ್ಚಿಮ ತುದಿಯಲ್ಲಿ ಕೋಟೆಯಿದೆ. ಉತ್ತರ, ಪಶ್ಚಿಮಗಳಲ್ಲಿ ನದಿಯೇ ಕಾವಲು. ನೀರಿಲ್ಲದ ಪೂರ್ವ, ದಕ್ಷಿಣಗಳಲ್ಲಿ ಆಳವಾದ ಕಂದಕ, ಒಂದರ ಹಿಂದೊಂದು ಗೋಡೆ. ಮಳೆಗಾಲದಲ್ಲಿ ಈ ಲೆಕ್ಕ ಸರಿಹೋಗುತ್ತದೆ. ಬೇಸಿಗೆಯಲ್ಲಿ ಮಾತ್ರ ತಪ್ಪುತ್ತದೆ, ಏಕೆಂದರೆ ಕೊಡಗಿನಲ್ಲಿ ಮುಂಗಾರು ಹಿಡಿಯುವ ತನಕ ಕಾವೇರಿಯಲ್ಲಿ ಬಂಡೆಗಳೇ ಹೆಚ್ಚು, ನೀರು ಕಡಿಮೆ.

1791ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅರಕೆರೆಯಲ್ಲಿ ಗೆದ್ದರೂ ಮಳೆ ಹಿಡಿದು, ಎತ್ತುಗಳು ಸತ್ತು, ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಬೇಕಾಯಿತು. 1799ರಲ್ಲಿ ಬಂದ ಬ್ರಿಟಿಷ್ ದಳಪತಿ ಜನರಲ್ ಹ್ಯಾರಿಸ್‌ಗೆ ಈ ಪಾಠ ಗೊತ್ತಿತ್ತು. ಏಪ್ರಿಲ್ ಮೊದಲ ವಾರ ಬೀಡುಬಿಟ್ಟವನಿಗೆ ಎರಡು ಗಡುವು: ಸೈನ್ಯದ ಅಕ್ಕಿ ಮುಗಿಯುತ್ತಿತ್ತು, ಜೂನ್ ಹತ್ತಿರವಾಗುತ್ತಿತ್ತು. ಅದಕ್ಕೇ ಬಲವಾದ ದಕ್ಷಿಣವನ್ನು ಬಿಟ್ಟು ಪಡುವಣ ಮೂಲೆಯನ್ನು ಆರಿಸಿದರು. ನದಿಯ ಉತ್ತರ ದಡದಲ್ಲಿದ್ದ, ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೈನ್ಯವೂ ಅದೇ ಮೂಲೆಗೆ ಗುಂಡು ಹಾರಿಸಬಹುದಿತ್ತು. ಮೇ 4ರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಹ್ಯಾರಿಸ್‌ನ ಸೇನಾನಿ ಬೇರ್ಡ್‌ನ ದಳ ನದಿ ದಾಟಿ, ಕೆಲವೇ ನಿಮಿಷಗಳಲ್ಲಿ ಒಡೆದ ಗೋಡೆಯ ಮೇಲೆ ಬಾವುಟ ನೆಟ್ಟಿತು. ಉತ್ತರದ ಗೋಡೆಯ ಗುಂಟ ಹೋರಾಡುತ್ತಲೇ ಹಿಂದೆ ಸರಿದ ಟಿಪ್ಪು, ಒಳಗೋಡೆಯ ದಿಡ್ಡಿ ಬಾಗಿಲ ಬಳಿ ಬಿದ್ದ.

ಇಲ್ಲೊಂದು ಎಚ್ಚರಿಕೆ: ಇಂದು ಮೇ ತಿಂಗಳಲ್ಲಿ ನೀವು ನೋಡುವ ನೀರು ಕನ್ನಂಬಾಡಿ ಅಣೆಕಟ್ಟೆ ಬಿಟ್ಟಷ್ಟು. ಅದನ್ನು ಕಂಡು 1799ರ ನದಿಯನ್ನು ಅಳೆಯಬೇಡಿ.

ಯುದ್ಧ ಮುಗಿದ ಮೇಲೆ ನಡೆದದ್ದೇ ಊರಿನ ಪಾಲಿಗೆ ದೊಡ್ಡ ಪೆಟ್ಟು. ಜೂನ್ 30ರಂದು ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕ ಮೈಸೂರಿನಲ್ಲಾಯಿತು, ರಾಜಧಾನಿಯೂ ಅಲ್ಲಿಗೆ ಹೋಯಿತು. ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ ಟಿಪ್ಪು ನಜರ್‌ಬಾದಿಗೆ ಸಾಗಿಸಿದ್ದ ಕಲ್ಲುಗಳು ಮತ್ತೆ ಮೈಸೂರಿಗೆ ಮರಳಿದವು. ದ್ವೀಪವನ್ನು ಕಂಪನಿ ತಾನೇ ಇಟ್ಟುಕೊಂಡಿತು. ಆದರೆ ಜ್ವರದ ಕಾಟ ತಾಳಲಾರದೆ ಪಡೆಯನ್ನು ಬೆಂಗಳೂರಿಗೆ ಸಾಗಿಸಿತು. ಬೆಂಗಳೂರಿನ ದಂಡು ಪ್ರದೇಶ ಬೆಳೆದದ್ದು ಹೀಗೆ. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕೆಂದು ಅಂದಾಜಿಸಿದ, ಕಂಪನಿಗಾಗಿ ಮೈಸೂರು ಸೀಮೆ ಸುತ್ತಿ ವರದಿ ಬರೆದ ಬುಕಾನನ್, 1800ರಲ್ಲಿ ಕಂಡದ್ದು ಸುಮಾರು 32,000. ಅರಮನೆಯ ಮರವೂ ಉಳಿಯಲಿಲ್ಲ. ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ತೊಲೆಗಳು ಇಲ್ಲಿಂದ ಹೋದವು.

ಈಗ ಉಳಿದಿರುವುದು ಗೋಡೆ, ಕಂದಕ, ಮದ್ದಿನ ಮನೆಗಳು. ಗೋಡೆಯ ಮುಖ ಕಲ್ಲಿನದು, ಹೊಟ್ಟೆಯೊಳಗೆ ಮಣ್ಣು, ಜಲ್ಲಿ. ಮೇಲಿನ ಗಾರೆ ಬಿರಿದರೆ ಮಳೆನೀರು ಹೊಟ್ಟೆಗಿಳಿದು, ಮಣ್ಣು ಉಬ್ಬಿ, ಮುಖದ ಕಲ್ಲುಗಳನ್ನು ಹೊರಕ್ಕೆ ತಳ್ಳುತ್ತದೆ. ಇಂಥ ಕಡೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವಕ್ಕೆ ಹೊರದಾರಿಯೇ ಇಲ್ಲದೆ ಉಬ್ಬು ಹೆಚ್ಚುತ್ತದೆ. ಸುಣ್ಣದ ಗಾರೆಯೇ ಬೇಕು: ಸುಣ್ಣ ಒಂದು ಪಾಲು, ಮರಳು ಮತ್ತು ಇಟ್ಟಿಗೆ ಪುಡಿ ಸೇರಿ ಎರಡರಿಂದ ಮೂರು ಪಾಲು. ಮೆತ್ತಿದ ಮೇಲೆ ಬಿಸಿಲಿಗೆ ಬೇಗ ಒಣಗದಂತೆ ಒದ್ದೆ ಗೋಣಿ ಹೊದಿಸಿಡಬೇಕು. ಸಂದಿನಲ್ಲಿ ಮೊಳೆತ ಅರಳಿ, ಆಲವನ್ನು ಎಳೆದು ಕೀಳಬಾರದು, ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡದಲ್ಲಿ ಕೊಯ್ದು, ಬೇರನ್ನು ಔಷಧಿ ಹಾಕಿ ಸಾಯಿಸಿ, ಅದು ಪೂರ್ತಿ ಒಣಗಿದ ಮೇಲಷ್ಟೇ ಸಂದು ತುಂಬಬೇಕು.