ಹಿಂದಿನ ಚಕ್ರದ ಮೇಲೆ ಈಗ ಎಷ್ಟು ಭಾರ?

ಡ್ರ್ಯಾಗ್ ರೇಸಿನಲ್ಲಿ ತಿರುವುಗಳೇ ಇಲ್ಲ. ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ, ಹಸಿರು ದೀಪ ಹತ್ತುತ್ತದೆ. ಕಾಲು ಮೈಲಿ, ಅಂದರೆ 402 ಮೀಟರ್ ದೂರವನ್ನು ಯಾರು ಮೊದಲು ಮುಟ್ಟುತ್ತಾರೆ ಅನ್ನುವುದಷ್ಟೇ ಪಂದ್ಯ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಹುಡುಗರು ಬಳಕೆಯಲ್ಲಿಲ್ಲದ ರನ್‌ವೇಗಳಲ್ಲಿ ಹೀಗೆ ಓಡಿಸುತ್ತಿದ್ದರು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿ ಇದಕ್ಕೆ ನಿಯಮ ತಂದರು. ದೊಡ್ಡ ತಂಡಗಳನ್ನು ಬಿಟ್ಟರೆ, ಅಲ್ಲಿ ಇಂದಿಗೂ ಬಹಳ ಮಂದಿ ಮನೆಯ ಶೆಡ್ಡಿನಲ್ಲೇ ಕಾರು ಬಿಚ್ಚಿ ಕಟ್ಟುತ್ತಾರೆ.

ಆ ಕೆಲಸದ ವಿಡಿಯೋಗಳು ಈಗ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಹುಡುಗರ ಮೊಬೈಲಿಗೂ ಬರುತ್ತವೆ. ನೋಡಿದವರು ಕೇಳುವುದು ಸಹಜ: ಅವರು ಮನೆಯಲ್ಲೇ ಹಿಂದಿನ ಸಸ್ಪೆನ್ಶನ್, ಬ್ರೇಕ್ ಎಲ್ಲ ಮಾಡಿಕೊಳ್ಳುತ್ತಾರೆ, ನಮ್ಮ ಜೀಪಿಗೆ ನಾವು ಮಾಡಿಕೊಂಡರೆ ಆಗೋದಿಲ್ವಾ? ಆಗುತ್ತದೆ. ಹಳೆಯ ಡ್ರ್ಯಾಗ್ ಕಾರಿನ ಹಿಂಭಾಗಕ್ಕೂ ಅಡಿಕೆ ಮೂಟೆ ಹೊರುವ ನಮ್ಮ ಜೀಪಿನ ಹಿಂಭಾಗಕ್ಕೂ ಹತ್ತಿರದ ಸಂಬಂಧವೇ ಇದೆ. ಎರಡರಲ್ಲೂ ಇರುವುದು ಎರಡು ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ಆಕ್ಸಲ್, ಭಾರ ಹೊರಲು ಎರಡು ಸೆಟ್ ಲೀಫ್ ಪ್ಲೇಟು (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ), ಎರಡು ಬ್ರೇಕ್ ಡ್ರಮ್. ಈಗಿನ ಸಣ್ಣ ಕಾರುಗಳ ಹಿಂಭಾಗ ಬೇರೆಯೇ ಜಾತಿ. ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಹಿಂದಿನ ಚಕ್ರದ ಮೇಲೆ ಈ ಕ್ಷಣದಲ್ಲಿ ಎಷ್ಟು ಭಾರ ಇದೆ? ಸಸ್ಪೆನ್ಶನ್ನಿನ ಲೆಕ್ಕವೂ ಬ್ರೇಕಿನ ಲೆಕ್ಕವೂ ಅಲ್ಲಿಂದಲೇ ಶುರು.

ಬಸ್ಸು ತಟಕ್ಕನೆ ಹೊರಟಾಗ ನಿಂತವರ ಭಾರ ಹಿಮ್ಮಡಿಗೆ ಹೋಗುತ್ತದೆ, ಬ್ರೇಕ್ ಹಾಕಿದಾಗ ಕಾಲ್ಬೆರಳಿಗೆ ಬರುತ್ತದೆ. ಗಾಡಿಗೂ ಹಾಗೆಯೇ. ಇದನ್ನು ಅಂದಾಜು ಮಾಡುವುದು ಕಷ್ಟವಲ್ಲ. ಗಾಡಿಯ ಭಾರಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ ನೋಡಿ, ಅದನ್ನು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರದಿಂದ ಭಾಗಿಸಿ. ಒಟ್ಟು 1200 ಕೆ.ಜಿ. ತೂಗುವ ಗಾಡಿ ಎನ್ನೋಣ. ಭಾರಕೇಂದ್ರದ ಎತ್ತರ 60 ಸೆಂ.ಮೀ., ಚಕ್ರಗಳ ನಡುವೆ 240 ಸೆಂ.ಮೀ. ಕಾಲು ಭಾಗ ಬಂತು. ಅಂದರೆ ಗುರುತ್ವದಷ್ಟೇ ವೇಗೋತ್ಕರ್ಷ, ಒಂದು ‘ಜಿ’ ಇದ್ದರೆ 300 ಕೆ.ಜಿ. ಮುಂದಿನಿಂದ ಹಿಂದಕ್ಕೆ ಸರಿಯುತ್ತದೆ. ನಿಂತಾಗ ಮುಂದೆ 600, ಹಿಂದೆ 600 ಇದ್ದದ್ದು ಹೊರಡುವಾಗ ಮುಂದೆ 300, ಹಿಂದೆ 900. ಜೋರಾಗಿ ಬ್ರೇಕ್ ಒತ್ತಿ 0.8 ‘ಜಿ’ಯಲ್ಲಿ ನಿಧಾನವಾದರೆ ಎಲ್ಲ ಉಲ್ಟಾ: ಮುಂದೆ 840, ಹಿಂದೆ ಬರೀ 360. ಒಂದು ಕೆ.ಜಿ.ಯನ್ನೂ ಇಳಿಸಿಲ್ಲ, ಏರಿಸಿಲ್ಲ. ಹಿಂದಿನ ಚಕ್ರದ ಪಾಲು ಮಾತ್ರ ಎರಡೂವರೆ ಪಟ್ಟು ಆಚೀಚೆ ಆಯಿತು.

ಡ್ರ್ಯಾಗ್ ಕಾರಿನವರ ತಲೆನೋವು ಮೊದಲನೆಯದು, ಹೊರಡುವಾಗಿನ ಭಾರ. ಟಯರಿನ ಹಿಡಿತ ಅದರ ಮೇಲಿನ ಭಾರವನ್ನು ಅವಲಂಬಿಸಿದೆ. ಹಾಗಾಗಿ ಹೊರಡುವ ಕ್ಷಣದಲ್ಲಿ ಆದಷ್ಟು ಭಾರ ಹಿಂದಕ್ಕೆ ಬರಲಿ ಎನ್ನುವುದೇ ಅವರ ಆಟ. ಮುಂದಿನ ಷಾಕ್ ಅಬ್ಸಾರ್ಬರ್ ಸುಲಭವಾಗಿ ಉದ್ದವಾಗಬೇಕು, ಕಷ್ಟದಲ್ಲಿ ಕುಗ್ಗಬೇಕು. ಆಗ ಮೂತಿ ಮೇಲೆದ್ದು ಅಲ್ಲೇ ನಿಲ್ಲುತ್ತದೆ. 90/10 ಷಾಕ್ ಎನ್ನುವುದು ಇದನ್ನೇ. ಟಯರಿಗೆ ನಮ್ಮ ಕಾರಿನ ಅರ್ಧದಷ್ಟೂ ಗಾಳಿ ಇರುವುದಿಲ್ಲ. ಹೊರಡುವಾಗ ಅದರ ಬದಿ ಸುಕ್ಕುಗಟ್ಟುವುದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು ವಿಷಯ ಹೆಚ್ಚು ಸ್ವಾರಸ್ಯದ್ದು. ಎಂಜಿನ್ ಹಿಂದಿನ ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಆಕ್ಸಲಿನ ಹೊರಕವಚ, ಅಂದರೆ ಹೌಸಿಂಗ್, ಹಿಂದಕ್ಕೆ ತಿರುಗಲು ನೋಡುತ್ತದೆ. ಅದರ ಮೂತಿ, ಅಂದರೆ ಎಂಜಿನ್ನಿನ ಬಲ ತರುವ ಪ್ರೊಪೆಲ್ಲರ್ ಷಾಫ್ಟ್ ಸೇರುವ ಜಾಗ, ಮೇಲಕ್ಕೆ ಏಳುತ್ತದೆ. ತಡೆಯುವವರು ಯಾರು? ಲೀಫ್ ಪ್ಲೇಟೇ. ಪ್ಲೇಟು ಭಾರ ಹೊರಲು ಮಾಡಿದ್ದು, ತಿರುಚು ತಡೆಯಲು ಅಲ್ಲ. ಆಕ್ಸಲಿನ ಒಂದು ಬದಿಯಲ್ಲಿ ಮೇಲಕ್ಕೆ, ಇನ್ನೊಂದು ಬದಿಯಲ್ಲಿ ಕೆಳಕ್ಕೆ ಬಾಗುತ್ತದೆ. ಒಂದು ಹಂತದಲ್ಲಿ ಟಯರ್ ಜಾರುತ್ತದೆ, ಪ್ಲೇಟು ಚಿಮ್ಮಿ ಹಿಂದೆ ಬರುತ್ತದೆ, ಮತ್ತೆ ಹಿಡಿಯುತ್ತದೆ, ಮತ್ತೆ ಜಾರುತ್ತದೆ. ಹಿಂದಿನ ಚಕ್ರ ಟಕಟಕ ಕುಣಿಯುತ್ತದೆ. ಮಣ್ಣಿನ ಏರಿನಲ್ಲಿ ಮೂಟೆ ತುಂಬಿದ ಜೀಪು ಒದ್ದಾಡಿದ್ದನ್ನು ನೋಡಿದವರಿಗೆ ಇದು ಹೊಸತೇನಲ್ಲ.

ಡ್ರ್ಯಾಗ್ ಕಾರಿನವರು ಈ ತೊಂದರೆಯನ್ನೇ ಲಾಭಕ್ಕೆ ತಿರುಗಿಸಿಕೊಂಡರು. ಆಕ್ಸಲಿನಿಂದ ಮುಂದಕ್ಕೆ ಗಟ್ಟಿ ಸರಳು ಹಾಕಿ ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ ಸೇರಿಸಿದರು. ಈಗ ಹೌಸಿಂಗ್ ಮೂತಿ ಎತ್ತಲು ಹೋದರೆ ಆ ಸರಳು ಚಾಸಿಯನ್ನು ಮೇಲಕ್ಕೆ ನೂಕುತ್ತದೆ. ಚಾಸಿ ಮೇಲೆ ಹೋಗುವಾಗ ಅದಕ್ಕೆ ಎದುರಾಗಿ ಟಯರ್ ನೆಲಕ್ಕೆ ಒತ್ತಿಕೊಳ್ಳುತ್ತದೆ. ಸರಳನ್ನು ಎಲ್ಲಿ ಸೇರಿಸಬೇಕು, ಎಷ್ಟು ಓರೆ ಇರಬೇಕು ಅನ್ನುವುದರಲ್ಲೇ ಇವರ ಅರ್ಧ ಆಯುಷ್ಯ ಕಳೆಯುತ್ತದೆ. ರಂಧ್ರ ಬದಲಿಸಿ ಬೋಲ್ಟ್ ಹಾಕಿದರೂ ಕಾರಿನ ಸ್ವಭಾವ ಬದಲಾಗುತ್ತದೆ. ಪ್ರೊಪೆಲ್ಲರ್ ಷಾಫ್ಟಿನ ತಿರುಗುವಿಕೆಯಿಂದ ಬಲಬದಿಯ ಹಿಂದಿನ ಚಕ್ರ ಹಗುರವಾಗುತ್ತದೆ ಅನ್ನುವುದು ಬೇರೆ. ಅದಕ್ಕಾಗಿ ಸುರುಳಿ ಸ್ಪ್ರಿಂಗ್ ಇರುವ ಕಾರುಗಳಲ್ಲಿ ಬಲಬದಿಯ ಸ್ಪ್ರಿಂಗಿನೊಳಗೆ ಗಾಳಿಚೀಲ ಇಟ್ಟು ಒತ್ತಡ ಜಾಸ್ತಿ ಮಾಡುವವರಿದ್ದಾರೆ.

ನಮ್ಮಲ್ಲಿ ಸಸ್ಪೆನ್ಶನ್ ಕೆಲಸ ಅಂದರೆ ಸಾಮಾನ್ಯವಾಗಿ ಒಂದೇ: “ಒಂದು ಪ್ಲೇಟ್ ಜಾಸ್ತಿ ಹಾಕಿ.” ಒಂದೇ ದಪ್ಪದ, ಒಂದೇ ಅಗಲದ ಐದು ಪ್ಲೇಟಿಗೆ ಆರನೆಯದು ಸೇರಿದರೆ ಗಡುಸು ಸುಮಾರು ಐದನೇ ಒಂದು ಭಾಗ ಹೆಚ್ಚುತ್ತದೆ. ದಪ್ಪದ ಲೆಕ್ಕ ಹೀಗಲ್ಲ. ಗಡುಸು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಹತ್ತು ಶೇಕಡ ಹೆಚ್ಚು ದಪ್ಪ ಇರುವ ಪ್ಲೇಟು ಮೂರನೇ ಒಂದು ಭಾಗ ಹೆಚ್ಚು ಗಡುಸು. ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ ಯಾವುದೋ ಲಾರಿಯ ಪ್ಲೇಟು ಹಾಕಿದರೆ ಏನಾಗುತ್ತದೆ ಅಂತ ಇದರಿಂದಲೇ ತಿಳಿಯಬಹುದು. ಪ್ಲೇಟಿಗೆ ವೆಲ್ಡಿಂಗ್ ಮಾಡುವುದಂತೂ ಬೇಡವೇ ಬೇಡ. ಕಾಯಿಸಿ ತಣಿಸಿ ಹದ ಮಾಡಿದ ಉಕ್ಕು ಅದು. ಗ್ಯಾಸ್ ಜ್ವಾಲೆ ತಾಗಿದಲ್ಲಿ ಹದ ಹೋಗುತ್ತದೆ, ಆಮೇಲೆ ಅಲ್ಲೇ ಮುರಿಯುತ್ತದೆ. ಹದ ಹೋಗದ ಹಳೆ ಪ್ಲೇಟಿನಿಂದ ಒಳ್ಳೆಯ ಕತ್ತಿ ಆಗುತ್ತದೆ ಅನ್ನುವುದು ನಮ್ಮ ಕಮ್ಮಾರರಿಗೆ ಚೆನ್ನಾಗಿ ಗೊತ್ತು.

ಈಗ ಬ್ರೇಕಿಗೆ ಬರೋಣ. “ಪ್ಲೇಟ್ ಹಾಕಿದ ಮೇಲೆ ಬ್ರೇಕ್ ಕಮ್ಮಿ ಆಗಿದೆ ಮಾರಾಯ್ರೆ” ಎಂದು ಪಿಕಪ್ ಇಟ್ಟವರೊಬ್ಬರು ಹೇಳಿದರೆ ನಗಬೇಡಿ. ಅವರ ಮಾತು ನಿಜ ಇರಬಹುದು. ಬ್ರೇಕ್ ಹಾಕಿದಾಗ ಹಿಂದೆ ಭಾರ ಕಡಿಮೆ ಅಂತ ಆಗಲೇ ನೋಡಿದೆವು. ಹಗುರವಾದ ಚಕ್ರಕ್ಕೆ ಮುಂದಿನಷ್ಟೇ ಬ್ರೇಕ್ ಕೊಟ್ಟರೆ ಅದು ಮೊದಲು ಲಾಕ್ ಆಗುತ್ತದೆ, ಅಂದರೆ ತಿರುಗದೆ ಜಾರುತ್ತದೆ. ಮುಂದಿನ ಚಕ್ರ ಲಾಕ್ ಆದರೆ ಗಾಡಿ ನೇರ ಜಾರುತ್ತದೆ. ಹಿಂದಿನದ್ದು ಲಾಕ್ ಆದರೆ ಗಿರ್ರನೆ ತಿರುಗುತ್ತದೆ. ಜೂನ್ ತಿಂಗಳ ಮಳೆಯಲ್ಲಿ ಚೆರ್ಕಳ–ಜಾಲ್ಸೂರು ರಸ್ತೆಯ ತಿರುವಿನಲ್ಲಿ ಹಾಗಾದರೆ ದೇವರೇ ಗತಿ. ಆದ್ದರಿಂದ ಹಿಂದಿನ ಬ್ರೇಕ್ ಬೇಕೆಂದೇ ಸಣ್ಣದು.

ಆದರೆ ಪಿಕಪ್ಪಿನಲ್ಲಿ ಭಾರ ತುಂಬಿದಾಗ ಹಿಂದೆ ಬ್ರೇಕ್ ಜಾಸ್ತಿ ಬೇಕು, ಖಾಲಿ ಇದ್ದಾಗ ಕಡಿಮೆ ಸಾಕು. ಇದಕ್ಕಾಗಿ ಅನೇಕ ಪಿಕಪ್‌ಗಳಲ್ಲಿ, ವ್ಯಾನ್‌ಗಳಲ್ಲಿ ಚಾಸಿಗೆ ಒಂದು ವಾಲ್ವ್ ಇರುತ್ತದೆ. ಅದರಿಂದ ಆಕ್ಸಲಿಗೆ ಒಂದು ಕಡ್ಡಿ. ಮೂಟೆ ತುಂಬಿ ಚಾಸಿ ಕೆಳಗಿಳಿದರೆ ಕಡ್ಡಿ ವಾಲ್ವನ್ನು ತಿರುಗಿಸುತ್ತದೆ, ಹಿಂದಕ್ಕೆ ಆಯಿಲ್ ಒತ್ತಡ ಜಾಸ್ತಿ ಹೋಗುತ್ತದೆ. ಆ ವಾಲ್ವಿಗೆ ಭಾರ ಗೊತ್ತಿಲ್ಲ, ಎತ್ತರ ಮಾತ್ರ ಗೊತ್ತು. ಪ್ಲೇಟ್ ಸೇರಿಸಿ ಗಾಡಿ ಎತ್ತರವಾದರೆ ಅದರ ಲೆಕ್ಕದಲ್ಲಿ ಗಾಡಿ ಖಾಲಿ. ಒಂದು ಟನ್ ಹೇರಿದ್ದರೂ ಖಾಲಿಯೇ! ಹಿಂದಿನ ಬ್ರೇಕಿನ ಪಾಲನ್ನು ಅದು ಕಡಿಮೆಯೇ ಇಡುತ್ತದೆ. ಬ್ರೇಕ್ ಕಮ್ಮಿ ಎಂದು ಡ್ರಮ್ಮಿಗೆ ಉಜ್ಜುವ ಲೈನರ್ ಬದಲಿಸಿ, ಸಿಲಿಂಡರ್ ಬದಲಿಸಿ, ದುಡ್ಡು ಸುರಿದು ಸುಸ್ತಾದವರು ಇದ್ದಾರೆ. ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸುವುದು ಯಾರ ತಲೆಗೂ ಹೊಳೆಯುವುದಿಲ್ಲ.

ಡ್ರಮ್ಮನ್ನು ಮನೆಯಲ್ಲಿ ಬಿಚ್ಚುವವರು ಮೊದಲು ಹೆದರಬೇಕಾದದ್ದು ಜಾಕಿಗೆ. ಜಾಕಿ ಎತ್ತಲಿಕ್ಕೆ, ನಿಲ್ಲಿಸಲಿಕ್ಕಲ್ಲ. ನಮ್ಮ ಊರಲ್ಲಿ ಅಂಗಳದ ಬದಿಯಲ್ಲಿ ಯಾವಾಗಲೂ ಸಿಗುವುದು ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಸುಲಭ ಅಂತ ಅದನ್ನೇ ಆಕ್ಸಲಿನಡಿ ಇಡುತ್ತಾರೆ. ಗೋಡೆಯಲ್ಲಿ ಸುತ್ತಲೂ ಸಮನಾಗಿ ಭಾರ ಬಿದ್ದಾಗ ಮುರಕಲ್ಲು ಒಳ್ಳೆಯದೇ. ಉಕ್ಕಿನ ಅಂಚು ಒಂದೇ ಕಡೆ ಒತ್ತಿದರೆ ತೂತು ತೂತಾದ ಆ ಕಲ್ಲು ಮುನ್ಸೂಚನೆ ಕೊಡದೆ ಒಡೆಯುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಅಗಲವಾದ ಗಟ್ಟಿ ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸಿ. ಮುಂದಿನ ಚಕ್ರಕ್ಕೆ ಎರಡೂ ಬದಿ ಅಡೆ ಇಡಿ. ಒಳಗಿನ ಧೂಳನ್ನು ಊದಬೇಡಿ. ಹಳೆಯ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಲೈನರ್ ಎಣ್ಣೆಯಲ್ಲಿ ನೆನೆದಿದ್ದರೆ ತೊಳೆದು ಉಪಯೋಗವಿಲ್ಲ, ಬದಲಿಸಲೇಬೇಕು. ಆದರೆ ಎಣ್ಣೆ ಎಲ್ಲಿಂದ ಬಂತು? ಆಕ್ಸಲಿನ ಎಣ್ಣೆಯನ್ನು ತಡೆಯುವ ಸೀಲ್ ಹೋಗಿದೆ ಅಂತ ಹೊಸ ಸೀಲ್ ಹಾಕುತ್ತಾರೆ, ಕೆಲವು ತಿಂಗಳಲ್ಲಿ ಮತ್ತೆ ಅದೇ ಕತೆ. ಹೌಸಿಂಗಿನ ಮೇಲೆ ಒಂದು ಸಣ್ಣ ಉಸಿರುಗೊಳವೆ ಇರುತ್ತದೆ, ಬ್ರೀದರ್. ನಮ್ಮ ಕೆಂಪು ಮಣ್ಣು ಅದರಲ್ಲಿ ಸೇರಿ ಗಟ್ಟಿಯಾದರೆ, ಬಿಸಿಯಾದ ಒಳಗಿನ ಗಾಳಿಗೆ ಹೊರಹೋಗಲು ದಾರಿ ಇಲ್ಲ. ಅದು ಎಣ್ಣೆಯನ್ನು ಸೀಲಿನ ಮೂಲಕ ಡ್ರಮ್ಮಿಗೆ ನೂಕುತ್ತದೆ. ಬಿಸಿ ಆಕ್ಸಲ್ ತೋಡಿನ ನೀರಿಗೆ ಇಳಿದರೆ ಉಲ್ಟಾ: ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದೇ ಕಾರಣ. ಒಂದು ತಂತಿ ತೂರಿಸಿ ಬ್ರೀದರ್ ಬಿಡಿಸಿದರೆ ಮುಗಿಯುವ ಕೆಲಸ.

ಡ್ರಮ್ಮಿನ ಒಳಗೆ ಲೈನರ್ ಕೂರಿಸಿದ ಎರಡು ಶೂ ಇದ್ದರೂ ಎರಡೂ ಸಮಾನವಾಗಿ ದುಡಿಯುವುದಿಲ್ಲ. ತಿರುಗುವ ಡ್ರಮ್ ಮುಂದಿನ ಶೂವನ್ನು ತನ್ನತ್ತಲೇ ಎಳೆದುಕೊಳ್ಳುತ್ತದೆ, ಹಾಗಾಗಿ ಅದು ಹೆಚ್ಚು ಹಿಡಿಯುತ್ತದೆ. ಹಿಂದಿನದನ್ನು ದೂಡುತ್ತದೆ. ಮುಂದಿನದ್ದು ಬೇಗ ಸವೆದರೆ ಗಾಬರಿ ಬೇಡ, ಅದು ಸಹಜ.

ಬಿಸಿಯ ಲೆಕ್ಕವನ್ನೂ ಒಂದು ಸಲ ಮಾಡಿ ನೋಡುವುದು ಒಳ್ಳೆಯದು. 1200 ಕೆ.ಜಿ. ಗಾಡಿಯನ್ನು ಗಂಟೆಗೆ 60 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖ ಸುಮಾರು 1.67 ಲಕ್ಷ ಜೂಲ್. ನಾಲ್ಕು ಡ್ರಮ್ ಸೇರಿ 20 ಕೆ.ಜಿ. ಕಬ್ಬಿಣ ಇದ್ದರೆ ಬಿಸಿ ಏರುವುದು 18 ಡಿಗ್ರಿ, ಏನೂ ಅಲ್ಲ. ರಾಣಿಪುರಂ ಕಡೆಯಿಂದ ಕೆಳಗೆ 300 ಮೀಟರ್ ಎತ್ತರವನ್ನು ಬರೀ ಬ್ರೇಕಿನಲ್ಲೇ ಇಳಿದರೆ? 35 ಲಕ್ಷ ಜೂಲ್. ಗಾಳಿಗೆ ಏನೂ ಆರದಿದ್ದರೆ ಡ್ರಮ್ 380 ಡಿಗ್ರಿ ಏರಬೇಕು. ಗಾಳಿ ಒಂದಿಷ್ಟು ಆರಿಸುತ್ತದೆ, ಆದರೂ ಡ್ರಮ್ ಹಿಗ್ಗಿ ಶೂವಿನಿಂದ ದೂರ ಹೋಗುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುವ ದ್ರವ. ಹೊಸ ಡಾಟ್ 3 ದರ್ಜೆಯ ಆಯಿಲ್ 205 ಡಿಗ್ರಿವರೆಗಾದರೂ ಕುದಿಯಬಾರದು ಎನ್ನುತ್ತದೆ ನಿಯಮ. ನೀರು ಹೀರಿದ್ದಕ್ಕೆ 140 ಡಿಗ್ರಿ ತಾಳಿದರೆ ಸಾಕು. ಕಾಸರಗೋಡಿನ ಮಳೆಗಾಲದಲ್ಲಿ ಆಯಿಲ್ ಬೇಗ ಹಳತಾಗುವುದು ಯಾಕೆ ಅಂತ ಇನ್ನು ಹೇಳಬೇಕಾಗಿಲ್ಲ ಅಲ್ವಾ? ಇಳಿಜಾರಿನಲ್ಲಿ ಸೆಕೆಂಡ್ ಗೇರ್ ಹಾಕಿ ಎಂಜಿನ್ನಿಗೂ ಒಂದಿಷ್ಟು ಕೆಲಸ ಕೊಡಿ.

ಟಾಪ್ ಫ್ಯುಯೆಲ್ ಎಂಬ ಅತಿ ವೇಗದ ಡ್ರ್ಯಾಗ್ ಕಾರು ಸುಮಾರು 1050 ಕೆ.ಜಿ. ತೂಗುತ್ತದೆ, ಗಂಟೆಗೆ 530 ಕಿ.ಮೀ. ಮುಟ್ಟುತ್ತದೆ. ಅದನ್ನು ನಿಲ್ಲಿಸಲು ಒಂದು ಕೋಟಿಗೂ ಹೆಚ್ಚು ಜೂಲ್ ಶಕ್ತಿಯನ್ನು ಎಲ್ಲಾದರೂ ಹಾಕಬೇಕು, ಅದೂ ಕೆಲವೇ ಸೆಕೆಂಡಿನಲ್ಲಿ. ಅದರ ಮುಂದಿನ ಸಣಕಲು ಚಕ್ರಗಳಲ್ಲಿ ಬ್ರೇಕೇ ಇಲ್ಲ, ಹಿಂದೆ ಮಾತ್ರ ಕಾರ್ಬನ್ ಡಿಸ್ಕ್. ಮೊದಲ ಹೊರೆ ಹೊರುವುದು ಎರಡು ಪ್ಯಾರಾಶೂಟ್. 2008ರಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಚಾಲಕ ಅಮೆರಿಕದ ಇಂಗ್ಲಿಷ್‌ಟೌನಿನಲ್ಲಿ ಟ್ರ್ಯಾಕಿನ ಕೊನೆ ದಾಟಿ ಹೋಗಿ ಸತ್ತರು. ಆಮೇಲೆ ಈ ಕಾರುಗಳ ಓಟವನ್ನು 402 ಮೀಟರಿನಿಂದ 305 ಮೀಟರಿಗೆ ಇಳಿಸಿದರು. ನಿಲ್ಲಲು ಜಾಗ ಸಿಗಲಿ ಅಂತ.

ಮತ್ತೆ ಅಂಗಳಕ್ಕೆ. ಪ್ಲೇಟನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟನ್ನು ಎರಡೂ ಬದಿ ಸಮನಾಗಿ, ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಆಕ್ಸಲನ್ನು ಜಾಗದಲ್ಲಿ ಹಿಡಿಯುವುದು ಅದರ ಬಿಗಿಯೇ. ನಡುವಿನ ಸೆಂಟರ್ ಬೋಲ್ಟ್ ಗುರುತಿಗೆ ಮಾತ್ರ. ಯು ಬೋಲ್ಟ್ ಸಡಿಲವಾದರೆ ಸೆಂಟರ್ ಬೋಲ್ಟ್ ಕತ್ತರಿಸಿಹೋಗುತ್ತದೆ, ಆಕ್ಸಲ್ ಹಿಂದೆ ಸರಿಯುತ್ತದೆ, ಗಾಡಿ ಓರೆ ಓಡುತ್ತದೆ. ರಬ್ಬರ್ ಬುಷ್ ಇರುವ ಬೋಲ್ಟನ್ನು ಮಾತ್ರ ಚಕ್ರ ನೆಲಕ್ಕಿಳಿದ ಮೇಲೆಯೇ ಪೂರ್ತಿ ಬಿಗಿಮಾಡಬೇಕು. ತೂಗಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬ್ರೇಕ್ ಪೈಪಿನ ಏರ್ ತೆಗೆಯುವಾಗ, ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರದಿಂದ ಶುರುಮಾಡಿ. ಬ್ರೇಕ್ ಪೈಪಿನ ತುದಿ ಹೊಸತಾಗಿ ಅರಳಿಸುವುದು, ಬೇರಿಂಗ್ ಪ್ರೆಸ್ ಮಾಡುವುದು ಇದ್ದರೆ ಸುಮ್ನೆ ಹಟ ಬೇಡ, ವರ್ಕ್‌ಶಾಪಿಗೆ ಕೊಡಿ.

ಡ್ರ್ಯಾಗ್ ಕಾರಿನವರು ನಾಲ್ಕೂ ಚಕ್ರದಡಿ ತಕ್ಕಡಿ ಇಟ್ಟು ತೂಗುತ್ತಾರೆ. ನಮಗೆ ವೇ ಬ್ರಿಡ್ಜ್ ಸಾಕು. ಪೂರ್ತಿ ಗಾಡಿಯನ್ನು ಒಮ್ಮೆ ತೂಗಿಸಿ, ಆಮೇಲೆ ಮುಂದಿನ ಚಕ್ರ ಮಾತ್ರ ಅದರ ಮೇಲಿಟ್ಟು ಇನ್ನೊಮ್ಮೆ. ಕಳೆದರೆ ಸಿಗುವುದು ಹಿಂದಿನ ಪಾಲು. ಖಾಲಿಯಾಗಿ ಒಂದು ಚೀಟಿ, ಮೂಟೆ ಹೇರಿ ಒಂದು ಚೀಟಿ. ಇನ್ನೊಂದು ಪ್ಲೇಟ್ ಹಾಕಿಸುವ ಮಾತು ಬಂದಾಗ ಆ ಎರಡು ಚೀಟಿಗಳನ್ನು ಮೆಕ್ಯಾನಿಕ್‌ಗೆ ತೋರಿಸಿ, ವಾಲ್ವಿನ ಕಡ್ಡಿಯ ವಿಷಯವನ್ನೂ ಕೇಳಿ.